ತಪಸ್ಸಲ್ಲ ಸ್ವಾಮಿ, ಸಾಲ

ಕಳೆದ ತಿಂಗಳು ನನ್ನ ಕಾದಂಬರಿಯ ಬೆನ್ನುಡಿಗೆಂದು ಪ್ರಕಾಶಕರು ನಾಲ್ಕು ಸಾಲು ಬರೆದು ವಾಟ್ಸಾಪ್‌ನಲ್ಲಿ ಕಳಿಸಿದರು. ಮೊದಲ ಸಾಲೇ ‘ಹದಿನಾರು ವರ್ಷಗಳ ತಪಸ್ಸಿನ ಫಲ’ ಎಂದು ಶುರುವಾಗುತ್ತಿತ್ತು. ‘ತಪಸ್ಸು ಅನ್ನೋದು ಬೇಡ, ತೆಗೀರಿ’ ಅಂದೆ. ವಿನಯ ಅಂದುಕೊಂಡರೇನೋ, ಕೈಮುಗಿಯುವ ಚಿತ್ರವೊಂದನ್ನು ಕಳಿಸಿ ‘ಓದುಗರಿಗೆ ಅದು ಇಷ್ಟ ಆಗುತ್ತೆ ಸಾರ್’ ಅಂದರು. ಅವರ ತಪ್ಪೇನೂ ಇಲ್ಲ. ಕನ್ನಡದಲ್ಲಿ ತಡವಾಗಿ ಬಂದ ಪುಸ್ತಕಕ್ಕೆಲ್ಲ ಈ ಪದ ಮೊದಲೇ ಸಿದ್ಧವಾಗಿ ಕಾದಿರುತ್ತದೆ. ಮುನ್ನುಡಿಯಲ್ಲಿ ಒಂದು ಸಲ, ಬಿಡುಗಡೆಯ ವೇದಿಕೆಯಲ್ಲಿ ಮೂರು ಸಲ, ಆಮೇಲೆ ವಿಮರ್ಶೆಯಲ್ಲಿ ಮತ್ತೊಂದು ಸಲ. ಲೇಖಕ ತಲೆ ತಗ್ಗಿಸಿ ಕೂತಿರುತ್ತಾನೆ. ಹಾರದ ಭಾರಕ್ಕೋ ಹೊಗಳಿಕೆಯ ಭಾರಕ್ಕೋ ಹೇಳುವುದು ಕಷ್ಟ.

ಆ ಕುರ್ಚಿಯಲ್ಲಿ ಹೋಗಿ ಕೂರುವ ಮುಂಚೆ ಇದನ್ನು ಬರೆದುಬಿಡಬೇಕು. ನಾನು ತಪಸ್ಸು ಮಾಡಲಿಲ್ಲ, ಸಾಲ ಇಟ್ಟುಕೊಂಡಿದ್ದೆ. ಬೇರೆಯವರ ಬದುಕನ್ನು ಕೈಗಡ ತಂದು, ಹಿಂತಿರುಗಿಸದೆ ಅಟ್ಟದ ಮೇಲೆ ಎಸೆದಿದ್ದೆ. ಕೊನೆಗೂ ತೀರಿಸಿದೆ, ನಿಜ. ಆದರೆ ಯಾರಿಗೆ ತೀರಿಸಬೇಕಿತ್ತೋ ಅವರು ಅಷ್ಟು ಹೊತ್ತಿಗೆ ಇರಲಿಲ್ಲ.

ಮೊದಲು ಲೆಕ್ಕ ಹೇಳುತ್ತೇನೆ. ಕಾದಂಬರಿ ಶುರು ಮಾಡಿದ್ದು 2009ರ ಜೂನ್‌ನಲ್ಲಿ. 2013ರ ಆರಂಭದವರೆಗೆ ಹದಿನಾಲ್ಕು ಅಧ್ಯಾಯ ಬರೆದೆ. ಅಲ್ಲಿಗೆ ನಿಂತಿತು. ಆಮೇಲೆ ಹತ್ತು ವರ್ಷ ಅದಕ್ಕೆ ಒಂದು ಸಾಲೂ ಸೇರಲಿಲ್ಲ. 2023ರಲ್ಲಿ ಮತ್ತೆ ಕೈಗೆತ್ತಿಕೊಂಡೆ, 2025ರ ಡಿಸೆಂಬರಿನಲ್ಲಿ ಮುಗಿಸಿದೆ. ಬರೆದದ್ದು ಆರು ವರ್ಷ, ಬರೆಯದೆ ಇದ್ದದ್ದು ಹತ್ತು ವರ್ಷ. ಬೆನ್ನುಡಿ ಇವೆರಡನ್ನೂ ಕೂಡಿಸಿ ಹದಿನಾರು ಮಾಡಿ ನನಗೆ ಸನ್ಮಾನ ಮಾಡುತ್ತದೆ. ಅಂಗಡಿ ಬಾಗಿಲು ಹಾಕಿದ್ದ ದಿನಗಳಿಗೂ ಸಂಬಳ ಕೊಟ್ಟ ಹಾಗೆ.

ಕಾದಂಬರಿ ನಡೆಯುವುದು ನಾನಿರುವ ಅಂಜನಾಪುರದಲ್ಲೇ. ಈ ಶತಮಾನದ ಮೊದಲ ವರ್ಷಗಳಲ್ಲಿ ಬಿಡಿಎ ಇಲ್ಲಿ ಬಡಾವಣೆ ಮಾಡಿತು. ನಾವು ಮನೆ ಕಟ್ಟಿಕೊಂಡು ಬಂದದ್ದು 2006ರಲ್ಲಿ. ಆಗ ಹತ್ತು ಸೈಟಿಗೊಂದು ಮನೆ. ಉಳಿದ ಕಡೆ ಗಡಿಕಲ್ಲು, ಪಾರ್ಥೇನಿಯಂ, ನಡುನಡುವೆ ಯಾರೋ ಬಿತ್ತಿದ ರಾಗಿ. ಮರುವರ್ಷ ಬಿಬಿಎಂಪಿ ಆಯಿತು. ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಒಂದೇ ಆದೇಶದಲ್ಲಿ ಬೆಂಗಳೂರಾದವು. ಮುಂದೆ ವಾರ್ಡುಗಳ ಪಟ್ಟಿಯಲ್ಲಿ ನಮ್ಮದು 196 ಆಯಿತು. ಊರಿಗೆ ಊರೇ ಮಲಗಿದ್ದಲ್ಲಿಂದ ಎದ್ದು ಬೇರೆ ಊರಾಗಿತ್ತು. ಬರೆಯುವವನಿಗೆ ಇನ್ನೇನು ಬೇಕು?

ನನಗೆ ಕಥೆ ಕೊಟ್ಟವರು ನಮ್ಮ ಹಿಂದಿನ ರಸ್ತೆಯ ಹಾಲಿನ ಯಜಮಾನರು. ಒಂದು ಕಾಲಕ್ಕೆ ಇಲ್ಲೇ ಹೊಲ ಇದ್ದವರು. ಹೊಲ ಹೋದ ಮೇಲೆ ಖಾಲಿ ಸೈಟೊಂದರಲ್ಲಿ ಶೀಟು ಹೊದಿಸಿ ನಾಲ್ಕು ಹಸು ಕಟ್ಟಿಕೊಂಡಿದ್ದರು. ದಿನಾ ಬೆಳಿಗ್ಗೆ ಆರಕ್ಕೆ ಹಾಲು ಹಾಕಿ, ನಮ್ಮ ಗೇಟಿನ ಪಕ್ಕದ ಕಟ್ಟೆಯ ಮೇಲೆ ಹತ್ತು ನಿಮಿಷ ಕೂರುತ್ತಿದ್ದರು. ಯಾವ ಅಡ್ಡರಸ್ತೆ ಯಾರ ಹೊಲ, ಯಾವ ಅಪಾರ್ಟ್‌ಮೆಂಟಿನ ಕೆಳಗೆ ಯಾರ ಬಾವಿ, ಯಾವ ಕಟ್ಟೆಯ ಮೇಲೆ ಯಾವ ವರ್ಷ ಪಂಚಾಯ್ತಿ ಕೂತಿತ್ತು, ಎಕರೆ ಎಷ್ಟಕ್ಕೆ ಹೋಯಿತು, ಬಂದ ದುಡ್ಡು ಎಷ್ಟು ದಿನಕ್ಕೆ ಕರಗಿತು, ಎಲ್ಲ ಅವರ ಬಾಯಲ್ಲಿತ್ತು. ನಾನು ಬರೆದುಕೊಳ್ಳುತ್ತಿದ್ದೆ. ಮುಚ್ಚಿಟ್ಟು ಬರೆದುಕೊಳ್ಳಲಿಲ್ಲ, ಅವರಿಗೆ ಹೇಳಿಯೇ ಬರೆದುಕೊಂಡೆ. ಅವರು ಹಾಕಿದ ಷರತ್ತು ಎರಡೇ. ‘ನಮ್ಮ ಹೆಣ್ಮಕ್ಕಳ ವಿಚಾರ ಬ್ಯಾಡ. ಮಿಕ್ಕಿದ್ದು ಬರ್ಕಳಿ, ಸುಳ್ ಮಾತ್ರ ಬರೀಬ್ಯಾಡಿ ಸಾ.’

ಆಮೇಲೆ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಹಬ್ಬಕ್ಕೊಮ್ಮೆ ಅದೇ ಪ್ರಶ್ನೆ: ‘ಬುಕ್ಕು ಎಲ್ಲಿಗ್ ಬಂತು ಸಾ?’ ‘ಬರೀತಿದೀನಿ ಯಜಮಾನ್ರೇ’ ಅನ್ನುತ್ತಿದ್ದೆ. 2013ರ ನಂತರವೂ ಅದನ್ನೇ ಅಂದೆ. ಅದು ಸುಳ್ಳು. ಸುಳ್ಳು ಬರೆಯಬೇಡಿ ಅಂದವರಿಗೆ ಎಂಟು ವರ್ಷ ಸುಳ್ಳು ಹೇಳಿದೆ. 2021ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಜನವರಿಯಲ್ಲಿ ಮೆಟ್ರೋದ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಬಂದಿತ್ತು. ನನ್ನ ಮೂರನೇ ಅಧ್ಯಾಯದಲ್ಲಿ ನಾಯಕ ಕೋಣನಕುಂಟೆ ಕ್ರಾಸಿನಲ್ಲಿ ನಲವತ್ತು ನಿಮಿಷ ಬಸ್ಸಿಗೆ ಕಾಯುತ್ತಾನೆ. ಅವನ ತಲೆಯ ಮೇಲೆ ರೈಲು ಓಡತೊಡಗಿತ್ತು, ಅವನಿನ್ನೂ ಅಲ್ಲೇ ನಿಂತಿದ್ದ.

ಈಗ ತಪಸ್ಸಿನ ವಾದಕ್ಕೆ ಬರೋಣ. ಇದನ್ನು ಹೇಳಿದ ಕೂಡಲೇ ಸಾಹಿತ್ಯದ ವಿದ್ಯಾರ್ಥಿಗಳು ಕುವೆಂಪು ಹೆಸರು ತರುತ್ತಾರೆ. ‘ಕಾನೂರು ಹೆಗ್ಗಡಿತಿ’ 1936, ‘ಮಲೆಗಳಲ್ಲಿ ಮದುಮಗಳು’ 1967. ಎರಡು ಕಾದಂಬರಿಗಳ ನಡುವೆ 31 ವರ್ಷ. ನೋಡಿ, ದೊಡ್ಡದಕ್ಕೆ ಕಾಲ ಬೇಕು ಅನ್ನುತ್ತಾರೆ. ಬೇಕು, ಒಪ್ಪಿದೆ. ಆದರೆ ಆ 31 ವರ್ಷ ಖಾಲಿ ಬಿದ್ದಿರಲಿಲ್ಲ. ನಡುವೆ 1949ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಬಂತು. 1956ರಿಂದ 60ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯ ಕೆಲಸ. ಜೊತೆಗೆ ನಾಟಕ, ಕವಿತೆ, ವಿಮರ್ಶೆ. ಅಲ್ಲಿ ನಿಂತಿದ್ದು ಕಾದಂಬರಿ ಮಾತ್ರ, ಕೆಲಸ ನಿಂತಿರಲಿಲ್ಲ. ನನ್ನ ಹತ್ತು ವರ್ಷದಲ್ಲಿ ಏನಿತ್ತು? ಆಫೀಸು, ಮನೆ ಸಾಲದ ಕಂತು, ಕ್ರಿಕೆಟ್, ಮೊಬೈಲು, ಬೇರೆಯವರ ಕಾದಂಬರಿಯ ಬಗ್ಗೆ ಖಾರವಾದ ಅಭಿಪ್ರಾಯ. ಇದಕ್ಕೂ ಅದಕ್ಕೂ ಒಂದೇ ಪದ ಬಳಸುವುದು ಕುವೆಂಪು ಅವರಿಗೆ ಮಾಡುವ ಅವಮಾನ.

ಇನ್ನು ಕೆಲವರು ದೇವನೂರ ಮಹಾದೇವ ಅವರನ್ನು ಉದಾಹರಿಸುತ್ತಾರೆ. ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೆ ಅವರಿಂದ ಇನ್ನೊಂದು ಕಾದಂಬರಿ ಪ್ರಕಟವಾಗಿಲ್ಲ. ಆ ಮೌನಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅದು ಮುಗಿಸಿದವರ ಮೌನ. ಹೇಳಬೇಕಾದ್ದನ್ನು ಹೇಳಿ ಸುಮ್ಮನಿರುವುದು ಬೇರೆ, ಅರ್ಧ ಹೇಳಿ ಬಾಯಿ ಮುಚ್ಚಿಕೊಂಡು ಅದನ್ನು ಧ್ಯಾನ ಅನ್ನುವುದು ಬೇರೆ.

ತಡ ಮಾಡಿದವರಿಗೆ ಸಿಗುವ ಈ ಗೌರವ ಎಲ್ಲರಿಗೂ ಸಿಗುವುದಿಲ್ಲ ಅನ್ನುವುದನ್ನೂ ನೋಡಬೇಕು. ಎಂ.ಕೆ. ಇಂದಿರಾ ಕಾದಂಬರಿ ಬರೆಯಲು ಶುರು ಮಾಡಿದ್ದು ನಲವತ್ತೈದರ ಆಸುಪಾಸಿನಲ್ಲಿ. ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಬಂತು. ಅದಕ್ಕೂ ಹಿಂದಿನ ಅಷ್ಟೂ ವರ್ಷಗಳನ್ನು ಯಾರಾದರೂ ತಪಸ್ಸು ಅಂದಿದ್ದಾರೆಯೇ? ಗೃಹಿಣಿಯಾಗಿದ್ದರು ಅನ್ನುತ್ತಾರೆ, ಅಷ್ಟೆ. ಗಂಡಸು ಬರೆಯದೆ ಕೂತರೆ ಅದು ಸಾಧನೆ, ಹೆಂಗಸಿಗೆ ಬರೆಯಲು ಬಿಡುವಿಲ್ಲದಿದ್ದರೆ ಅದು ಸಂಸಾರ. ತ್ರಿವೇಣಿಯವರನ್ನು ನೆನೆಯಿರಿ. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ಮನಸ್ಸಿನ ಕಾಯಿಲೆಯ ಬಗ್ಗೆ, ಮನೆಯೊಳಗಿನ ಹೆಣ್ಣಿನ ಬಗ್ಗೆ ಕನ್ನಡ ಓದುಗರು ಮಾತಾಡಲು ಕಲಿತದ್ದರಲ್ಲಿ ಆ ಪುಸ್ತಕಗಳ ಪಾಲು ದೊಡ್ಡದು. ಬೇಗ ಬರೆದರು ಅನ್ನುವ ಕಾರಣಕ್ಕೆ ಎಷ್ಟೋ ವರ್ಷ ನಮ್ಮ ಪಂಡಿತರು ಅವರನ್ನು ‘ಜನಪ್ರಿಯ’ ಎಂಬ ಹಿತ್ತಿಲಲ್ಲಿ ಕೂರಿಸಿದರು. ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಎಲ್ಲವೂ ಚೆನ್ನಾಗಿವೆ ಎಂದು ನಾನು ಹೇಳುತ್ತಿಲ್ಲ. ಆದರೆ ಅವರು ಓದುಗರನ್ನು ಕಾಯಿಸಲಿಲ್ಲ.

ವಾರಪತ್ರಿಕೆಗಳ ಕಾಲವನ್ನು ನಾವು ಹಗುರವಾಗಿ ಕಾಣುತ್ತೇವೆ. ‘ಸುಧಾ’ 1965ರಲ್ಲಿ ಶುರುವಾಯಿತು. ಅಲ್ಲಿ, ಅಂಥ ಇತರ ಪತ್ರಿಕೆಗಳಲ್ಲಿ ಧಾರಾವಾಹಿ ಬರೆಯುವವರ ಬಾಗಿಲು ಪ್ರತಿ ವಾರ ಯಾರಾದರೂ ತಟ್ಟುತ್ತಿದ್ದರು. ಸಂಪಾದಕರು ಕಾಯುತ್ತಿದ್ದರು, ಮೊಳೆ ಜೋಡಿಸುವವರು ಕಾಯುತ್ತಿದ್ದರು, ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಓದುಗರು ಕಾಯುತ್ತಿದ್ದರು. ಸಾಲ ವಾರವಾರ ವಸೂಲಾಗುತ್ತಿತ್ತು, ಬಡ್ಡಿ ಬೆಳೆಯಲು ಜಾಗವಿರಲಿಲ್ಲ. ಆ ಒತ್ತಡದಲ್ಲಿ ಕೆಟ್ಟ ಅಧ್ಯಾಯಗಳೂ ಬಂದವು. ಕೆಟ್ಟ ಅಧ್ಯಾಯವನ್ನು ತಿದ್ದಬಹುದು. ಬರೆಯದ ಅಧ್ಯಾಯವನ್ನು ಏನು ಮಾಡುತ್ತೀರಿ?

ಹಾಗಾದರೆ ನಾನೇಕೆ ನಿಲ್ಲಿಸಿದೆ? ಕೇಳಿದವರಿಗೆಲ್ಲ ಮೂರು ಕಾರಣ ಹೇಳುತ್ತಿದ್ದೆ. ಒಂದು, ಕೆಲಸದ ಒತ್ತಡ. ಎರಡು, ಊರು ಬದಲಾಗುತ್ತಲೇ ಇದೆ, ಅದು ಒಂದು ಹದಕ್ಕೆ ಬರಲಿ. ಮೂರು, ಕಾದಂಬರಿ ಇನ್ನೂ ಮಾಗಬೇಕು. ಮೂರನೆಯದನ್ನು ಹೇಳುವಾಗ ದನಿ ಸ್ವಲ್ಪ ತಗ್ಗಿಸುತ್ತಿದ್ದೆ, ಎದುರಿನವರು ತಲೆದೂಗುತ್ತಿದ್ದರು. ಯಾರೂ ‘ಮಾಗೋದು ಮರದ ಮೇಲೆ ಇದ್ರೆ ಕಣಯ್ಯಾ, ಅಟ್ಟದ ಮೇಲೆ ಇದ್ರೆ ಒಣಗುತ್ತೆ’ ಅನ್ನಲಿಲ್ಲ. ಅಂದಿದ್ದರೆ ಬೇಜಾರಾಗುತ್ತಿತ್ತು, ಉಪಕಾರವೂ ಆಗುತ್ತಿತ್ತು.

ನಿಜವಾದ ಕಾರಣ ಹೆದರಿಕೆ. ಹದಿನಾಲ್ಕನೇ ಅಧ್ಯಾಯ ಮುಗಿಸಿದ ರಾತ್ರಿ ಮೊದಲಿಂದ ಓದಿ ನೋಡಿದೆ. ಚೆನ್ನಾಗಿತ್ತು. ಚೆನ್ನಾಗಿತ್ತು, ಅಷ್ಟೆ. ನನ್ನ ತಲೆಯಲ್ಲಿದ್ದ ಕಾದಂಬರಿ ಇದಾಗಿರಲಿಲ್ಲ. ಮುಗಿಸಿದರೆ ಇದೇ ನನ್ನ ಕಾದಂಬರಿ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಮುಗಿಸದಿದ್ದರೆ ತಲೆಯಲ್ಲಿರುವುದೇ ನಿಜವಾದದ್ದು ಎಂದುಕೊಂಡಿರಬಹುದು. ಅಟ್ಟದ ಮೇಲೆ ಇದ್ದಷ್ಟು ದಿನ ಅದು ಮಹಾಕಾದಂಬರಿ. ಇಳಿಸಿದ ದಿನ 312 ಪುಟ. ಹತ್ತು ವರ್ಷ ನಾನು ಸಾಕಿದ್ದು ಕಾದಂಬರಿಯನ್ನಲ್ಲ, ‘ಒಂದು ದೊಡ್ಡ ಕಾದಂಬರಿ ಬರೀತಿದಾರೆ’ ಎಂಬ ಮಾತನ್ನು. ಆ ಮಾತು ನನಗೆ ಕವಿಗೋಷ್ಠಿಗಳಲ್ಲಿ ಮೊದಲ ಸಾಲಿನ ಕುರ್ಚಿ ಕೊಡಿಸಿತ್ತು, ಗಾಂಧಿ ಬಜಾರಿನ ಪುಸ್ತಕದಂಗಡಿಯಲ್ಲಿ ಕಾಫಿ ಕೊಡಿಸಿತ್ತು. ಕಿರಿಯರ ಪುಸ್ತಕಗಳನ್ನು ‘ಇನ್ನೂ ಸ್ವಲ್ಪ ಕಾಯಬೇಕಿತ್ತು’ ಎಂದು ತೂಗುವ ತಕ್ಕಡಿಯನ್ನೂ ಕೊಟ್ಟಿತ್ತು. ಆ ಕಿರಿಯರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಕ್ಷಮಿಸಿ.

2023ರಲ್ಲಿ ಫೈಲು ತೆರೆದಾಗ ಕಂಡದ್ದು ಕನ್ನಡವೇ ಅಲ್ಲ. ಆಗ ಡಿಟಿಪಿಯವರಿಗೆ ಅನುಕೂಲ ಎಂದು ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟು ಇರಲಿಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಚೌಕ. ಹದಿನಾಲ್ಕು ಅಧ್ಯಾಯ ಹುಳು ತಿಂದ ಕಡತದ ಹಾಗೆ ಕೂತಿತ್ತು. ಪರಿವರ್ತಿಸುವ ತಂತ್ರಾಂಶ ಹುಡುಕಿ ಯೂನಿಕೋಡಿಗೆ ತಂದೆ. ಅರ್ಕಾವತ್ತುಗಳು ಅಕ್ಕಪಕ್ಕದ ಅಕ್ಷರಕ್ಕೆ ಜಿಗಿದಿದ್ದವು, ಒತ್ತಕ್ಷರಗಳು ಕಳಚಿ ಬಿದ್ದಿದ್ದವು. ಒಂದೊಂದೇ ಸಾಲು ತಿದ್ದುತ್ತಾ ಹೋದೆ. ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ನನ್ನ ಹಳೆಯ ವಾಕ್ಯಗಳನ್ನು ನಾನೇ ಕರಡು ತಿದ್ದುವವನ ಹಾಗೆ ಓದಿದೆ. ಎಷ್ಟು ವಿಶೇಷಣ! ಪ್ರತಿ ಮರಕ್ಕೂ ಒಂದು ವಿಷಾದ. ತೊಂಬತ್ತು ಪುಟ ಕಿತ್ತು ಹಾಕಿದೆ.

ಇಲ್ಲಿ ಎದುರಾಳಿಗಳಿಗೆ ಒಂದು ಅಂಕ ಕೊಡಬೇಕು. ದೂರ ಹೋಗಿ ಬಂದದ್ದರಿಂದ ಕಣ್ಣು ಶುದ್ಧವಾಗಿತ್ತು ಅನ್ನುವುದು ಸತ್ಯ. ಆದರೆ ಅಷ್ಟು ದೂರಕ್ಕೆ ಆರು ತಿಂಗಳು ಸಾಕಿತ್ತು. ಉಪ್ಪಿನಕಾಯಿಗೂ ಒಂದು ಅವಧಿ ಇದೆ. ಹತ್ತು ವರ್ಷ ಇಟ್ಟರೆ ರುಚಿ ಹೆಚ್ಚಾಗುವುದಿಲ್ಲ, ಬೂಸ್ಟು ಹೆಚ್ಚಾಗುತ್ತದೆ.

ಕೆಲವು ಭಾಗಗಳು ಹಾಗೆ ಕೆಟ್ಟೇ ಹೋಗಿದ್ದವು. ಒಂಬತ್ತನೇ ಅಧ್ಯಾಯದಲ್ಲಿ ಬಡಾವಣೆಯ ಜನ ನೀರಿನ ಟ್ಯಾಂಕರಿಗೆ ಕಾಯುತ್ತಾ ಜಗಳವಾಡುತ್ತಾರೆ. 2010ರಲ್ಲಿ ಅದನ್ನು ಬರೆಯುವಾಗ ನನ್ನ ಕೈ ನಡುಗುವಷ್ಟು ಕೋಪವಿತ್ತು. ಬೆಳಿಗ್ಗೆಯಷ್ಟೇ ನಾನೂ ಆ ಸಾಲಿನಲ್ಲಿ ನಿಂತು ಬಂದಿದ್ದೆ. ನಾನು ಕಾದಂಬರಿಯ ಕೊನೆಯ ಭಾಗದಲ್ಲಿದ್ದಾಗ, 2024ರ ಅಕ್ಟೋಬರ್ 16ರಂದು, ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಮ್ಮಂಥ 110 ಹಳ್ಳಿಗಳಿಗೆಂದೇ ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಯೋಜನೆ. ಒಳ್ಳೆಯದೇ ಆಯಿತು. ಆದರೆ ನನ್ನ ಒಂಬತ್ತನೇ ಅಧ್ಯಾಯ 2011ರಲ್ಲಿ ಅಚ್ಚಾಗಿದ್ದರೆ ಅದು ಒಂದು ದೂರು, ಒಂದು ಸಾಕ್ಷಿ ಆಗುತ್ತಿತ್ತು. ಯಾರಾದರೂ ಸಭೆಯಲ್ಲಿ ಓದಿ ತೋರಿಸುತ್ತಿದ್ದರೇನೋ. ಈಗ ಅದು ನೆನಪಿನ ಚಿತ್ರ. ‘ಆಗೆಲ್ಲ ಹೀಗಿತ್ತು’ ಎಂದು ಓದಿಕೊಳ್ಳುತ್ತಾರೆ. ಕೋಪಕ್ಕೂ ಒಂದು ಋತು ಇದೆ. ರಾಗಿ ಬಿತ್ತುವ ಕಾಲ ತಪ್ಪಿಸಿಕೊಂಡವನು ಬೀಜ ಒಳ್ಳೆಯದಿತ್ತು ಎಂದು ಹೇಳಿಕೊಂಡು ಓಡಾಡಿದರೆ ಕಣಜ ತುಂಬುವುದಿಲ್ಲ.

ಮುಗಿಸಿದ ರಾತ್ರಿಯ ಬಗ್ಗೆ ಹೇಳಬೇಕು. ಅದು ಹೇಗಿತ್ತು ಎಂದು ಎಲ್ಲರೂ ಕೇಳುತ್ತಾರೆ. ಅವರೆಕಾಯಿಯ ಕಾಲ. ಮನೆಯವರು ಹಿತಕಿದ ಅವರೆಬೇಳೆಯ ಸಿಪ್ಪೆ ಅಡುಗೆಮನೆಯ ಮೂಲೆಯಲ್ಲಿ ಇನ್ನೂ ಇತ್ತು, ಆ ವಾಸನೆ ಮನೆಯೆಲ್ಲ. ಒಂದು ಗಂಟೆಗೆ ಕೊನೆಯ ವಾಕ್ಯ ಬರೆದೆ. ಮೊದಲು ಆದದ್ದು ಹಸಿವು. ತಣ್ಣಗಿನ ಅನ್ನ ಸಾರು ನಿಂತೇ ತಿಂದೆ. ಆಮೇಲೆ ಸಂತೋಷ ಬಂತು, ಸುಳ್ಳು ಹೇಳಲಾರೆ, ದೊಡ್ಡ ಸಂತೋಷವೇ ಬಂತು. ಮಲಗಿದ್ದ ಹೆಂಡತಿಯನ್ನು ಎಬ್ಬಿಸಿ ‘ಮುಗೀತು ಕಣೇ’ ಅಂದೆ. ಅವಳು ಕಣ್ಣು ಬಿಡದೆ ‘ಯಾವ್ದು?’ ಅಂದಳು. ಸರಿಯಾದ ಪ್ರಶ್ನೆ. ಹತ್ತು ವರ್ಷ ಅವಳಿಗೂ ಆ ಕಾದಂಬರಿ ಇರಲಿಲ್ಲವಲ್ಲ.

ತಾರಸಿಗೆ ಹೋದೆ. ಹಿಂದಿನ ರಸ್ತೆಯಲ್ಲಿ ಹಸುಗಳ ಶೀಟಿನ ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಪಿಜಿ. ಬಾಲ್ಕನಿಗಳಲ್ಲಿ ಒಣಗುವ ಟವೆಲ್ಲು, ಎರಡು ಕಿಟಕಿಗಳಲ್ಲಿ ಲ್ಯಾಪ್‌ಟಾಪಿನ ಬೆಳಕು. ಅಲ್ಲಿ ನಿಂತಾಗ ಸಂತೋಷ ಇಳಿದು ನಾಚಿಕೆ ಹತ್ತಿತು. 2013ರ ನನ್ನ ಮೇಲೆ ಸಿಟ್ಟು ಬಂತು. ಆಮೇಲೆ ಇನ್ನೊಂದು ಬಂತು, ಅದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಅಟ್ಟದ ಮೇಲಿದ್ದ ಆ ಮಹಾಕಾದಂಬರಿ ಇನ್ನಿಲ್ಲವಲ್ಲ ಎಂದು ದುಃಖವಾಯಿತು. ಮುಗಿದದ್ದು ಮುಗಿಯದೆ ಇದ್ದದ್ದನ್ನು ಕೊಂದುಹಾಕಿತ್ತು. ಇನ್ನು ಮೇಲೆ ನಾನು ದೊಡ್ಡ ಕಾದಂಬರಿ ಬರೆಯುತ್ತಿರುವವನಲ್ಲ, ಒಂದು ಕಾದಂಬರಿ ಬರೆದವನು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಕಾದಂಬರಿಯನ್ನು ಸೇರಿಸಲಿಲ್ಲ. ಅವರು ಬಹುಶಃ ಮುಗಿಸಿದವರನ್ನು ನೋಡಿರಲಿಲ್ಲ.

ಜನವರಿಯಲ್ಲಿ ಒಂದು ಪ್ರತಿಯನ್ನು ಪ್ರಿಂಟ್ ತೆಗೆಸಿ ಯಜಮಾನರ ಮನೆಗೆ ಕೊಟ್ಟು ಬಂದೆ. ಅವರ ಮೊಮ್ಮಗಳು ಬಿ.ಕಾಂ. ಓದುತ್ತಿದ್ದಾಳೆ. ‘ಓದಿ ನೋಡಮ್ಮ, ತಪ್ಪಿದ್ರೆ ಹೇಳು’ ಅಂದೆ. ಔಪಚಾರಿಕವಾಗಿ ಅಂದದ್ದು. ಅವಳು ಔಪಚಾರಿಕವಾಗಿ ತೆಗೆದುಕೊಳ್ಳಲಿಲ್ಲ. ಎರಡು ವಾರದ ಮೇಲೆ ಪ್ರತಿಯ ತುಂಬ ಪೆನ್ಸಿಲ್ ಗುರುತು ಹಾಕಿಕೊಂಡು ಬಂದಳು.

‘ತಾತ ಇಷ್ಟು ಪಾಪದವ್ರು ಅಲ್ಲ ಅಂಕಲ್’ ಅಂದಳು.

ಕಾದಂಬರಿಯಲ್ಲಿ ಅವರನ್ನು ಹೋಲುವ ಮುದುಕನನ್ನು ದಲ್ಲಾಳಿಯೊಬ್ಬ ಮೋಸ ಮಾಡಿ ಹೊಲ ಬರೆಸಿಕೊಳ್ಳುತ್ತಾನೆ. ನಿಜವಾಗಿ ಆದದ್ದು ಬೇರೆ. ಸ್ವಾಧೀನಕ್ಕೆ ಹೋದದ್ದು ಒಂದು ಭಾಗ. ಅದಕ್ಕೂ ಮುಂಚೆ ಮತ್ತೊಂದು ಭಾಗವನ್ನು ಅವರೇ, ಬೆಲೆ ಏರುತ್ತದೆ ಎಂದು ಗೊತ್ತಿದ್ದೂ, ಮಗಳ ಮದುವೆಯ ಖರ್ಚಿಗೆ ಮಾರಿದ್ದರು. ಕೊಂಡವರು ನೆಂಟರೇ. ಇದನ್ನು ಅವರು ನಮ್ಮ ಗೇಟಿನ ಕಟ್ಟೆಯ ಮೇಲೆ ಕೂತು ನನಗೆ ಹೇಳಿದ್ದರು, ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಇದೆ. ಹೆಣ್ಣುಮಕ್ಕಳ ವಿಚಾರ ಬೇಡ ಅಂದಿದ್ದರಲ್ಲ, ಅದರ ನೆಪದಲ್ಲಿ ಮದುವೆ ತೆಗೆದೆ. ಮದುವೆ ತೆಗೆದ ಮೇಲೆ ಮಾರಾಟಕ್ಕೆ ಕಾರಣ ಬೇಕಾಯಿತು, ದಲ್ಲಾಳಿಯನ್ನು ತಂದೆ. ಹೀಗೆ ಲೆಕ್ಕ ಗೊತ್ತಿದ್ದ, ತನ್ನ ತೀರ್ಮಾನಕ್ಕೆ ತಾನೇ ಹೊಣೆ ಹೊತ್ತಿದ್ದ ಒಬ್ಬ ಮನುಷ್ಯನನ್ನು ಅಯ್ಯೋ ಪಾಪ ಮಾಡಿ ಕೂರಿಸಿದ್ದೆ. ನಗರ ಹಳ್ಳಿಯನ್ನು ನುಂಗಿತು ಎಂಬ ನನ್ನ ವಾದಕ್ಕೆ ಪಾಪದವನೇ ಬೇಕಾಗಿದ್ದ.

‘ಆಮೇಲೆ ಆರು ತಿಂಗಳು ತಾತ ಆ ನೆಂಟರ ಮನೆ ಮುಂದೆ ನಡೀತಾನೇ ಇರ್ಲಿಲ್ವಂತೆ, ಸುತ್ಕೊಂಡ್ ಹೋಗ್ತಿದ್ರಂತೆ. ಅಜ್ಜಿ ಹೇಳ್ತಾರೆ. ಅದನ್ನ ಬರೀರಿ’ ಅಂದಳು ಹುಡುಗಿ. ನನ್ನ 312 ಪುಟದಲ್ಲಿ ಅಷ್ಟು ನಿಜವಾದ ಒಂದು ವಿವರ ಇರಲಿಲ್ಲ. ಅಜ್ಜಿಯನ್ನು ಕೇಳಿ, ಅವರು ಹೂಂ ಅಂದ ಮೇಲೆ, ಎರಡು ಅಧ್ಯಾಯ ಹೊಸದಾಗಿ ಬರೆದೆ. ದಲ್ಲಾಳಿಯನ್ನು ತೆಗೆದುಹಾಕಿದೆ.

ನನ್ನ ವಾದದ ಗಂಟು ಇಲ್ಲಿದೆ. ಯಜಮಾನರು ಬದುಕಿದ್ದಾಗ ಪುಸ್ತಕ ಬಂದಿದ್ದರೆ, ಯಾರಿಂದಲಾದರೂ ಓದಿಸಿಕೊಂಡು, ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದುಕೊಂಡೇ ನನಗೆ ಬೈಯುತ್ತಿದ್ದರು. ‘ಸುಳ್ ಬರೀಬ್ಯಾಡಿ ಅಂದಿದ್ನಲ್ಲ ಸಾ’ ಅನ್ನುತ್ತಿದ್ದರು. ಹಾಗನ್ನುವ ಹಕ್ಕು ಅವರಿಗಿತ್ತು. ನಮ್ಮ ಕಾದಂಬರಿಗಳಲ್ಲಿ ಬರುವ ಬಡವರಿಗೆ, ಹೊಲ ಕಳೆದುಕೊಂಡವರಿಗೆ, ಓದು ಬಾರದವರಿಗೆ ನಾವು ಕೊಡಬಹುದಾದ ಒಂದೇ ಒಂದು ಗೌರವ, ಎದುರು ಮಾತಾಡುವ ಅವಕಾಶ. ತಡ ಮಾಡುವವನು ಅದನ್ನು ಸದ್ದಿಲ್ಲದೆ ಕಸಿದುಕೊಳ್ಳುತ್ತಾನೆ. ಸತ್ತವರು ತಿದ್ದುವುದಿಲ್ಲ. ಆಗ ನಾವು ಅವರ ಹೆಸರಿಗೆ ಪುಸ್ತಕ ಅರ್ಪಿಸುತ್ತೇವೆ, ಸಭೆಯಲ್ಲಿ ಗಂಟಲು ಬಿಗಿಯುತ್ತೇವೆ. ಅರ್ಪಣೆಯ ಪುಟಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ.

ಹಾಗಂತ ಮೂವತ್ತು ದಿನದಲ್ಲಿ ಕಾದಂಬರಿ ಬರೆಯಿಸುತ್ತೇವೆ ಅನ್ನುವ ಕಾರ್ಯಾಗಾರಗಳ ಪರವಾಗಿ ನಾನು ಮಾತಾಡುತ್ತಿಲ್ಲ. ದಿನಕ್ಕಿಷ್ಟು ಪದ ಎಂದು ಮೀಟರು ಹಾಕಿ ಓಡಿಸುವವರಿಗೂ ಬದುಕಿರುವವರ ಜೊತೆ ಕೂತು ಮಾತಾಡಲು ಹೊತ್ತಿರುವುದಿಲ್ಲ. ಅವರಿಗೆ ಪುಟ ತುಂಬಿದರೆ ಸಾಕು, ತಪಸ್ವಿಗಳಿಗೆ ಪುಟ ಖಾಲಿ ಇದ್ದರೂ ಸಾಕು. ನಾನು ಕೇಳುತ್ತಿರುವುದು ವೇಗವನ್ನಲ್ಲ, ಬಾಕಿ ಯಾರಿಗೆ ಎನ್ನುವ ನೆನಪನ್ನು.

ಕಾಫ್ಕಾ ಎಲ್ಲವನ್ನೂ ಸುಟ್ಟುಬಿಡು ಅಂದಿದ್ದನಲ್ಲ, ಪ್ರಕಟಣೆಯೇ ಮುಖ್ಯವೇ ಎಂದು ಮೊನ್ನೆ ಒಬ್ಬ ವಿದ್ಯಾರ್ಥಿ ಕೇಳಿದ. ಸರಿ. ಕಾಫ್ಕಾ 1924ರಲ್ಲಿ ಸತ್ತ, ಗೆಳೆಯ ಮ್ಯಾಕ್ಸ್ ಬ್ರಾಡ್ ಮಾತು ಮೀರಿ 1925ರಲ್ಲೇ ‘ದಿ ಟ್ರಯಲ್’ ಪ್ರಕಟಿಸಿದ. ಆದರೆ ಸುಡು ಅನ್ನುವುದೂ ಒಂದು ತೀರ್ಮಾನ. ನಾವು ಸುಡುವುದೂ ಇಲ್ಲ, ಮುಗಿಸುವುದೂ ಇಲ್ಲ. ನಮಗೆ ಹೆಚ್ಚು ಹತ್ತಿರದವನು ರಾಲ್ಫ್ ಎಲಿಸನ್. 1952ರಲ್ಲಿ ‘ಇನ್‌ವಿಸಿಬಲ್ ಮ್ಯಾನ್’ ಬಂತು, ಲೋಕವೇ ಹೊಗಳಿತು. ಎರಡನೇ ಕಾದಂಬರಿಯನ್ನು ಸುಮಾರು ನಲವತ್ತು ವರ್ಷ ಬರೆದ. 1967ರಲ್ಲಿ ಮನೆಗೆ ಬೆಂಕಿ ಬಿದ್ದು ಒಂದಷ್ಟು ಹಸ್ತಪ್ರತಿ ಸುಟ್ಟಿತು. ಆಮೇಲೂ ಸಾವಿರಾರು ಪುಟ ಬರೆದ. 1994ರಲ್ಲಿ ತೀರಿಕೊಂಡಾಗ ಅದು ಮುಗಿದಿರಲಿಲ್ಲ. 1999ರಲ್ಲಿ ಬೇರೆಯವರು ಅದರಿಂದ ಆಯ್ದು ‘ಜೂನ್‌ಟೀನ್ತ್’ ಎಂದು ಹೊರತಂದರು. ಅವನನ್ನು ಹೀಯಾಳಿಸಲು ಇದನ್ನು ಹೇಳುತ್ತಿಲ್ಲ. ಅಷ್ಟು ದೊಡ್ಡ ಬರಹಗಾರನಿಗೂ ನಲವತ್ತು ವರ್ಷ ಸಾಲಲಿಲ್ಲ ಎಂದರೆ, ಕಾಲ ಕಾದಂಬರಿ ಬರೆಯುವುದಿಲ್ಲ ಎಂದಷ್ಟೇ ಅರ್ಥ.

ಕಾಲ ನಮ್ಮ ಕೈಯಲ್ಲಿ ಇಲ್ಲವೆನ್ನುವುದಕ್ಕೆ ದೂರ ಹೋಗಬೇಕಿಲ್ಲ. ತೇಜಸ್ವಿಯವರ ‘ಮಾಯಾಲೋಕ’ದ ಹೆಸರಿನ ಪಕ್ಕದಲ್ಲಿ ಒಂದು ಅಂಕಿ ಇದೆ: 1. 2007ರ ಏಪ್ರಿಲ್ 5ರಂದು ಅವರು ಹೊರಟುಹೋದರು, ಎರಡನೆಯದು ಬರಲಿಲ್ಲ. ಅವರು ಅಟ್ಟಕ್ಕೆ ಎಸೆದವರಲ್ಲ, ಕೆಲಸದ ನಡುವೆ ಹೋದವರು. ಆ ಒಂದು ಅಂಕಿಯನ್ನು ನೋಡಿದಾಗೆಲ್ಲ, ಕೈಯಲ್ಲಿ ಆರೋಗ್ಯವೂ ಹೊತ್ತೂ ಇದ್ದು ಹತ್ತು ವರ್ಷ ಸುಮ್ಮನಿದ್ದ ನನಗೆ ತಪಸ್ವಿ ಅನ್ನುವ ಬಿರುದು ಎಷ್ಟು ಒಪ್ಪುತ್ತದೆ ಎಂದು ಕೇಳಿಕೊಳ್ಳುತ್ತೇನೆ.

ಬರೆಯುತ್ತಿರುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. ನಿಮ್ಮ ಡ್ರಾಯರಿನಲ್ಲೋ ಡ್ರೈವಿನಲ್ಲೋ ಅರ್ಧಕ್ಕೆ ನಿಂತದ್ದು ಇದ್ದರೆ, ಅದು ಯಾರ ಕಥೆ ಎಂದು ನೋಡಿ. ನಿಮ್ಮದೇ ಕಥೆಯಾದರೆ ನಿಮ್ಮಿಷ್ಟ, ಸುಡಿ, ಇಡಿ, ಗಾಳಿಗೆ ಬಿಡಿ. ಅಮ್ಮನದೋ, ಊರಿನ ದೊಡ್ಡಪ್ಪನದೋ, ಹಾಸ್ಟೆಲಿನ ಅಡುಗೆಯವರದೋ ಆಗಿದ್ದರೆ, ಮುಗಿಯದಿದ್ದರೂ ಪರವಾಗಿಲ್ಲ, ಈ ರಜೆಯಲ್ಲಿ ಹೋಗಿ ಒಂದು ಅಧ್ಯಾಯ ಅವರಿಗೆ ಓದಿ ಹೇಳಿ. ಅವರು ‘ಇದು ಹೀಗಲ್ಲ’ ಅನ್ನಲಿ. ನಾನು ಹತ್ತು ವರ್ಷ ಕಾದು ಪಡೆದದ್ದಕ್ಕಿಂತ ಹೆಚ್ಚಿನದು ಆ ಒಂದು ಮಧ್ಯಾಹ್ನದಲ್ಲಿ ಸಿಗುತ್ತದೆ. ಮತ್ತು ನಮ್ಮ ವೇದಿಕೆಗಳಲ್ಲಿ ಮಾತಾಡುವ ಹಿರಿಯರಿಗೆ: ಮುಂದಿನ ಸಲ ತಡವಾಗಿ ಬಂದ ಪುಸ್ತಕ ಕೈಗೆ ಬಂದಾಗ ಹಾರ ಹಾಕುವ ಮುಂಚೆ ‘ಯಾಕಪ್ಪ ತಡ?’ ಎಂದು ಕೇಳಿ. ಕಾಯಿಲೆ ಇರಬಹುದು, ಬಡತನ ಇರಬಹುದು, ಸಂಸಾರ ಇರಬಹುದು. ಅದನ್ನು ಅದರ ಹೆಸರಿನಿಂದಲೇ ಕರೆಯೋಣ. ಸೋಮಾರಿತನ, ಹೆದರಿಕೆ ಆಗಿದ್ದರೆ ಅದನ್ನೂ.

ಬೆನ್ನುಡಿಯ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ. ನಾನು ಬೇರೆ ಸಾಲು ಕಳಿಸಿದ್ದೇನೆ: ‘2009ರಲ್ಲಿ ಶುರುವಾಗಿ, ಹತ್ತು ವರ್ಷ ಲೇಖಕನ ಹೆದರಿಕೆಯಿಂದ ನಿಂತು, 2025ರಲ್ಲಿ ಮುಗಿದ ಕಾದಂಬರಿ.’ ಹೀಗೆ ಹಾಕಿದರೆ ಯಾರು ಕೊಳ್ಳುತ್ತಾರೆ ಸಾರ್ ಎಂದು ಪ್ರಕಾಶಕರು ಕೇಳುತ್ತಿದ್ದಾರೆ. ಅವರು ಐನೂರು ಪ್ರತಿ ಅಚ್ಚು ಹಾಕುತ್ತಿದ್ದಾರೆ. ಒಂದು ಪ್ರತಿಗೆ ಗಿರಾಕಿ ಸಿಕ್ಕಿದ್ದಾರೆ. ಹಿಂದಿನ ರಸ್ತೆಯ ಹುಡುಗಿ ದುಡ್ಡು ಮುಂಗಡವಾಗಿ ಕೊಟ್ಟುಹೋಗಿದ್ದಾಳೆ, ಬೇಡ ಅಂದರೂ ಕೇಳಲಿಲ್ಲ. ‘ತಾತನ ಕಾಲದಲ್ಲಿ ಹಾಲಿನ ದುಡ್ಡು ನೀವು ಒಂದು ತಿಂಗಳೂ ಬಾಕಿ ಇಡ್ಲಿಲ್ಲ ಅಂತ ಅಜ್ಜಿ ಹೇಳ್ತಾರೆ ಅಂಕಲ್’ ಅಂದಳು.

ಹಾಲಿನ ದುಡ್ಡು ಇಟ್ಟಿರಲಿಲ್ಲ, ನಿಜ.